ಎಡಗಾಲಿನ ಚೀಟಿ

ದೇವರ ಮುಂದೆ ಹೇಳಿಕೊಳ್ಳಲು ನಾಚುವಂಥ ಕೆಲಸಗಳನ್ನು ಓಬಮ್ಮ ತನ್ನ ಐವತ್ತೊಂಬತ್ತು ವರ್ಷಗಳಲ್ಲಿ ಮಾಡಿದ್ದು ಕಡಿಮೆ. ಅವುಗಳಲ್ಲಿ ಒಂದನ್ನು ಮಾಡಿದ್ದು ತರೀಕೆರೆಯ ಬಸ್ ನಿಲ್ದಾಣದ ಹಿಂದಿನ ಕಲ್ಯಾಣ ಮಂಟಪದಲ್ಲಿ, ಹಾಡಹಗಲಲ್ಲಿ, ನೂರು ಜನರ ಎದುರಿಗೆ. ಮಾಡಿದ್ದು ಕೈಯಿಂದಲ್ಲ, ಕಾಲಿನಿಂದ.

ಜೂನ್ ತಿಂಗಳ ಒಂದು ಬುಧವಾರ ಅವಳೂ ಅವಳ ಓರಗಿತ್ತಿ ವಿಶಾಲಾಕ್ಷಮ್ಮನೂ ನೆಂಟರ ಮನೆಯ ಬಾಣಂತಿಯನ್ನು ನೋಡಿಕೊಂಡು ಅಜ್ಜಂಪುರದ ಕಡೆಯ ಬಸ್ಸಿಗೆ ಕಾಯುತ್ತಿದ್ದರು. ಮಂಟಪದ ಬಾಗಿಲಿಗೆ ‘ಉಚಿತ ಮೂಳೆ ತಪಾಸಣೆ’ ಎಂದು ಬಟ್ಟೆ ಕಟ್ಟಿತ್ತು.

"ಪುಕ್ಕಟೆ ಅಂತೆ ಕಣಕ್ಕ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಐತೆ" ಎಂದು ವಿಶಾಲಾಕ್ಷಮ್ಮ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಬಾಗಿಲಲ್ಲಿ ಕೂತಿದ್ದ ಹುಡುಗಿ ಇಬ್ಬರ ಹೆಸರನ್ನೂ ಬರೆದುಕೊಂಡು, "ಕಾಲಲ್ಲಿ ಬೆಳ್ಳಿಗಿಳ್ಳಿ ಏನೂ ಇರಬಾರದಮ್ಮ, ಬಿಚ್ಚಿಟ್ಟು ಬನ್ನಿ" ಎಂದಳು.

ವಿಶಾಲಾಕ್ಷಮ್ಮ ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡಳು. "ಕಾಲುಂಗ್ರನಾ? ಗಂಡ ಗುಂಡುಕಲ್ಲಂಗೆ ಇರೋವಾಗ ಕಾಲುಂಗ್ರ ಬಿಚ್ತಾರಾ? ಬ್ಯಾಡ ಬಿಡಿ ನನ್ಗೆ."

"ಹೆಸರು ಬರ್ದಾಯ್ತಲ್ಲಮ್ಮ."

"ಬರ್ದಿದ್ರೆ ಹೊಡ್ದಾಕಿ."

ಓಬಮ್ಮನ ಕಾಲು ಬರಿದಾಗಿತ್ತು. ಹಿಂದಿನ ವರ್ಷ ಬೆರಳುಗಳು ಊದಿ ಕಾಲುಂಗುರ ಚರ್ಮಕ್ಕೆ ಕಚ್ಚಿಕೊಂಡಾಗ ಅಜ್ಜಂಪುರದ ಅಕ್ಕಸಾಲಿಯ ಹತ್ತಿರ ಕತ್ತರಿಸಿ ತೆಗೆಸಬೇಕಾಗಿತ್ತು. ತುಂಡುಗಳನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿಟ್ಟಿದ್ದಳು. ಕಾಲು ಏಕೆ ಊದಿತು ಎಂದು ಆಗ ಯಾರೂ ಕೇಳಲಿಲ್ಲ. ಅವಳಿಗೂ ಕೇಳಬೇಕೆನಿಸಲಿಲ್ಲ.

ಹೆಸರು ಕೂಗಿದಾಗ ಹೋಗಿ ಕೂತು, ಬಲಗಾಲನ್ನು ತಕ್ಕಡಿಯಷ್ಟು ದೊಡ್ಡ ಯಂತ್ರದೊಳಗಿಟ್ಟಳು. ಕನ್ನಡಕದ ಗಂಡಸೊಬ್ಬ ಹಿಮ್ಮಡಿಗೆ ತಣ್ಣನೆಯ ಲೋಳೆ ಸವರಿ ಗುಂಡಿ ಒತ್ತಿದ. ಚೀಟಿ ಹೊರಬಂತು. ಅದರಲ್ಲಿ ಹಸಿರು ಪಟ್ಟೆ, ತೊಂಬತ್ತನಾಲ್ಕು ಎಂಬ ಅಂಕಿ.

"ವಯಸ್ಸು ಸರಿಯಾಗಿ ಹೇಳಿದ್ದೀರಾ? ನಲವತ್ತರವರ ಮೂಳೆ ಇದು!"

ಓಬಮ್ಮನನ್ನು ಯಾರಾದರೂ ಹೊಗಳಿ ಬಹಳ ಕಾಲವಾಗಿತ್ತು. ಆ ಮಾತು ಬೆಲ್ಲದಂತೆ ಬಾಯಲ್ಲಿ ಕರಗುತ್ತಿರುವಾಗಲೇ ಅತ್ತ ‘ವಿಶಾಲಾಕ್ಷಮ್ಮ’ ಎಂದು ಕೂಗಿದರು. ಎರಡನೇ ಸಲವೂ ಕೂಗಿದರು. ವಿಶಾಲಾಕ್ಷಮ್ಮ ಮೊಣಕೈಯಿಂದ ತಿವಿದಳು. "ಹೋಗಕ್ಕ, ನನ್ ಹೆಸ್ರಲ್ಲೂ ನೀನೇ ಇಟ್ಬಿಡು. ಸುಮ್ನೆ ಬರೋ ಚೀಟಿ ಯಾಕೆ ಬಿಡಾದು?"

ಇನ್ನೊಂದು ಸಲ ಹೊಗಳಿಸಿಕೊಳ್ಳುವ ಆಸೆಗೆ ಓಬಮ್ಮ ಎದ್ದಳು. ಬೆಳಗಿನಿಂದ ಪಾದಗಳನ್ನಲ್ಲದೆ ಮುಖಗಳನ್ನು ನೋಡದ ಆ ಮನುಷ್ಯ ಎಲ್ಲಿ ತನ್ನ ಹಿಮ್ಮಡಿಯ ಬಿರುಕನ್ನು ಗುರುತು ಹಿಡಿದುಬಿಡುತ್ತಾನೋ ಎಂದು ಈ ಸಲ ಎಡಗಾಲಿಟ್ಟಳು. ಅವನು ಚೀಟಿಯ ಮೂಲೆಯಲ್ಲಿ ‘ಎಡಗಾಲು’ ಎಂದು ಪೆನ್ನಿನಲ್ಲಿ ಬರೆದು ಕೊಟ್ಟ. ತೊಂಬತ್ತಾರು. ಅವಳದೇ ಕಾಲು ಅವಳ ಹೆಸರಿಗೆ ಕೊಟ್ಟದ್ದಕ್ಕಿಂತ ವಿಶಾಲಾಕ್ಷಮ್ಮನ ಹೆಸರಿಗೆ ಎರಡು ಅಂಕ ಹೆಚ್ಚು ಕೊಟ್ಟಿತ್ತು.

ಬಸ್ಸಿನಲ್ಲಿ ವಿಶಾಲಾಕ್ಷಮ್ಮ ಎರಡು ಚೀಟಿಗಳನ್ನೂ ಪಕ್ಕಪಕ್ಕ ಹಿಡಿದು ನಕ್ಕಳು. ಓಬಮ್ಮ ಕಿಟಕಿಯಾಚೆ ನೋಡಿದಳು.

ಹೊಟ್ಟೆಕಿಚ್ಚು ಎಂಬ ಮಾತನ್ನು ಓಬಮ್ಮ ತನ್ನ ಬಗ್ಗೆ ಎಂದೂ ಬಳಸಿದವಳಲ್ಲ. ‘ಒಂಥರಾ ಆಗುತ್ತೆ’ ಎನ್ನುತ್ತಿದ್ದಳು. ಆ ಒಂಥರಾ ಶುರುವಾದ ದಿನ ಅವಳಿಗೆ ಚೆನ್ನಾಗಿ ನೆನಪಿದೆ.

ಹದಿನೇಳನೇ ವಯಸ್ಸಿನಲ್ಲಿ ಪುಟ್ಟಯ್ಯನ ಕೈ ಹಿಡಿದು ಅಜ್ಜಂಪುರದ ಪಕ್ಕದ ಈ ಊರಿಗೆ ಬಂದಾಗ ಕುಡಿಯುವ ನೀರೆಂದರೆ ರೈಲು ಹಳಿಯಾಚೆಯ ಮೆಟ್ಟಿಲು ಬಾವಿ. ತಲೆಯ ಮೇಲೊಂದು ಬಿಂದಿಗೆ, ಸೊಂಟದಲ್ಲೊಂದು ಕೊಡ. ತಲೆಯ ಮೇಲಿನದನ್ನು ಹಿಡಿಯಲು ಬಲಗೈ ಬೇಕಾದ್ದರಿಂದ ಕೊಡ ಯಾವಾಗಲೂ ಎಡಕ್ಕೇ. ದಿನಕ್ಕೆ ಆರು ಸಲ, ಬಸುರಿಯಾಗಿದ್ದಾಗ ನಾಲ್ಕು ಸಲ. ಹೀಗೆ ಹನ್ನೊಂದು ವರ್ಷ. ಹನ್ನೆರಡನೆಯ ವರ್ಷ ಮೈದುನ ತಿಮ್ಮರಾಯಪ್ಪನ ಮದುವೆಯಾಯಿತು. ವಿಶಾಲಾಕ್ಷಮ್ಮ ಹೊಸಿಲು ದಾಟಿದ್ದು ಸೋಮವಾರ. ಶುಕ್ರವಾರ ಪಂಚಾಯ್ತಿಯ ನಲ್ಲಿಯಲ್ಲಿ ನೀರು ಬಂತು. ಅತ್ತೆ ನಲ್ಲಿಗೆ ಕುಂಕುಮ ಹಚ್ಚಿ, ಬೀದಿಗೆಲ್ಲ ಕೇಳುವಂತೆ, "ನನ್ ಚಿಕ್ ಸೊಸೆ ಕಾಲ್ಗುಣ ಕಣ್ರವ್ವಾ! ಗಂಗಮ್ಮನೇ ಬಾಗ್ಲಿಗೆ ಬಂದ್ಲು" ಎಂದಳು. ಓಬಮ್ಮ ಆಗ ತಾನೇ ಬಾವಿಯಿಂದ ಬಂದು, ತಲೆಯ ಮೇಲೊಂದು ಸೊಂಟದಲ್ಲೊಂದು ಹೊತ್ತು ಅತ್ತೆಯ ಹಿಂದೆಯೇ ನಿಂತಿದ್ದಳು. ಇಳಿಸಿಕೊಳ್ಳಲು ಯಾರೂ ಕೈ ಕೊಡಲಿಲ್ಲ. ಎಲ್ಲರೂ ನಲ್ಲಿಯನ್ನು ನೋಡುತ್ತಿದ್ದರು.

ವಿಶಾಲಾಕ್ಷಮ್ಮ ಕೆಟ್ಟವಳಲ್ಲ, ಕಷ್ಟ ಇರುವುದು ಅಲ್ಲೇ. ಕೆಟ್ಟವಳಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅವಳು ನಗುನಗುತ್ತಾ ‘ಅಕ್ಕ’ ಎನ್ನುವಳು, ಹಬ್ಬಕ್ಕೆ ಮೊದಲ ಒಬ್ಬಟ್ಟನ್ನು ಅಕ್ಕನ ತಟ್ಟೆಗೇ ಹಾಕುವಳು. ಅವಳ ನೆಟ್ಟಗಿನ ಕತ್ತು, ತೇಯದ ಅಂಗೈ, ಐವತ್ತೊಂದಕ್ಕೂ ನೆರೆಯದ ಕೂದಲು, ನೆಲದಿಂದ ಒಂದು ಬೆರಳು ಮೇಲೆ ನಿಲ್ಲುವ ಅವಳ ಸೀರೆಯ ಅಂಚು, ಎಲ್ಲವನ್ನೂ ಓಬಮ್ಮ ಮೂವತ್ತೊಂದು ವರ್ಷ ಅಳೆದವಳು. ತಾಯಿಯಾದರೂ ಮಗಳನ್ನು ಅಷ್ಟು ನೋಡುವುದಿಲ್ಲ.

ಒಂದೇ ಒಂದು ಮಾತ್ರ ಪೂರ್ತಿ ಓಬಮ್ಮನದಾಗಿ ಉಳಿದಿತ್ತು. ದೀಪಾವಳಿಗೆ ಮುನ್ನ ನೀರು ತುಂಬುವ ಹಬ್ಬದ ಸಂಜೆ, ನಲ್ಲಿ ಎಷ್ಟೇ ಹರಿಯಲಿ, ಮನೆದೇವರಿಗೆ ನೀರು ಆ ಹಳೇ ಬಾವಿಯದೇ ಆಗಬೇಕು. ತಾಮ್ರದ ದೊಡ್ಡ ಬಿಂದಿಗೆಯ ಕತ್ತಿಗೆ ಹಿಂಡಲೆ ಬಳ್ಳಿ ಸುತ್ತಿ, ಹದಿನೇಳು ಮೆಟ್ಟಿಲು ಇಳಿದು, ತುಂಬಿ, ತಲೆಯ ಮೇಲಿಟ್ಟು ಹತ್ತಬೇಕು. ಮನೆಯವರೆಗೆ ಎಲ್ಲಿಯೂ ನೆಲಕ್ಕೆ ಇಳಿಸಬಾರದು. ಅತ್ತೆ ಅದನ್ನು ಓಬಮ್ಮನ ತಲೆಗೆ ಇಟ್ಟದ್ದು ಮದುವೆಯಾದ ವರ್ಷ. ಅಲ್ಲಿಂದ ಇಲ್ಲಿಗೆ, ಸೂತಕ ಬಂದ ವರ್ಷಗಳನ್ನು ಬಿಟ್ಟರೆ, ಅದು ಬೇರೆ ತಲೆ ಕಂಡಿಲ್ಲ. ಆ ಸಂಜೆ ಊರಿನ ಹೆಂಗಸರು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು, ಓಬಮ್ಮನನ್ನು.

ಚೀಟಿ ಮನೆಗೆ ಬಂದದ್ದೇ ತಡ, ತಿಮ್ಮರಾಯಪ್ಪ ಹೆಂಡತಿಯದಕ್ಕೆ ಅಜ್ಜಂಪುರದಲ್ಲಿ ಪ್ಲಾಸ್ಟಿಕ್ ಹಾಕಿಸಿ ಕ್ಯಾಲೆಂಡರಿನ ಪಕ್ಕದ ಮೊಳೆಗೆ ತೂಗುಹಾಕಿದ. ಬಂದವರಿಗೆಲ್ಲ ತೋರಿಸಿದ. "ನಾಜೂಕು ಅಂತಿದ್ರಲ್ಲ ಇವ್ಳನ್ನ? ಕಬ್ಬಿಣ ಕಣ್ರೀ! ಹೊತ್ತು ಹೊತ್ತು ಸವೆದ ನಮ್ಮತ್ತಿಗೆಗಿಂತ ಎರಡು ನಂಬರ್ ಜಾಸ್ತಿ!"

ವಿಶಾಲಾಕ್ಷಮ್ಮ ಮೊದಮೊದಲು ಅಕ್ಕನ ಮುಖ ನೋಡಿ ತುಟಿ ಕಚ್ಚಿ ನಗುತ್ತಿದ್ದಳು. ಆಮೇಲಾಮೇಲೆ ನಗುವುದನ್ನು ಬಿಟ್ಟು ಸುಮ್ಮನೆ ಕೇಳಿಸಿಕೊಳ್ಳತೊಡಗಿದಳು, ನಿಜವಾಗಿಯೂ ತನ್ನದೇ ಎಂಬಂತೆ. ಓಬಮ್ಮನಿಗೆ ಬೇರೆಯವರ ಸೀರೆ, ಬೇರೆಯವರ ಬಣ್ಣ ಕಂಡು ಒಂಥರಾ ಆಗಿದ್ದುಂಟು. ತನ್ನ ಮೂಳೆಯ ಮೇಲೆ ತನಗೇ ಹಾಗಾದದ್ದು ಇದೇ ಮೊದಲು. ಹೇಳೋಣವೆಂದರೆ ಕಾಲಿಟ್ಟವಳು ತಾನೇ. ಗೋಡೆಯ ಮೇಲೆ ತೂಗುತ್ತಿದ್ದ ಎಡಗಾಲನ್ನು ದಿನಾ ನೋಡುತ್ತಾ ರಾಗಿಹಿಟ್ಟು ಜರಡಿ ಹಿಡಿದಳು.

ಸೆಪ್ಟೆಂಬರಿನಲ್ಲಿ ಹಿಟ್ಟಿನ ಡಬ್ಬ ಎತ್ತಿಡುವಾಗಲೂ ಉಸಿರು ಸಿಗದಂತಾಯಿತು. ಕಡೂರಿನಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ಅನುಷಾ ಬಂದು, ಅವ್ವನ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಬಿದ್ದ ಗುಳಿ ಏಳದ್ದನ್ನು ಕಂಡು, ಮರುಮಾತಾಡದೆ ಕಡೂರಿಗೆ ಕರೆದುಕೊಂಡು ಹೋದಳು.

ಅಲ್ಲಿನ ಡಾಕ್ಟ್ರಮ್ಮ ಎದೆಯ ಮೇಲೆ ಉಪಕರಣ ಆಡಿಸಿ, ಪರದೆಯ ಮೇಲೆ ಬಡಿಯುವ ಬೂದು ನೆರಳನ್ನು ತೋರಿಸಿದರು. "ಹೃದಯದ ಗೋಡೆ ದಪ್ಪ ಆಗಿದೆ ಅಮ್ಮ. ಬಿ.ಪಿ. ಎಷ್ಟು ವರ್ಷದಿಂದ ಏರಿದೆಯೋ, ಯಾರೂ ನೋಡಿಲ್ಲ. ಆ ಒತ್ತಡಕ್ಕೆ ಎದುರಾಗಿ ರಕ್ತ ತಳ್ಳಿ ತಳ್ಳಿ ಹೀಗಾಗಿದೆ."

"ದಪ್ಪ ಆದ್ರೆ ಗಟ್ಟಿ ಅಲ್ವಾ ಡಾಕ್ಟ್ರಮ್ಮ? ನನ್ ಮೂಳೆ ಬಾಳ ಗಟ್ಟಿ ಅಂದ್ರು." ಓಬಮ್ಮ ರವಿಕೆಯಿಂದ ತನ್ನ ಚೀಟಿಯನ್ನು ತೆಗೆದು ಕೊಟ್ಟಳು.

ಅವರು ನಕ್ಕರು. "ಮೂಳೆ ಕಲ್ಲಲ್ಲಮ್ಮ. ದಿನಾ ಒಂದು ಕಡೆ ಕಿತ್ತು ಒಂದು ಕಡೆ ಕಟ್ತಾ ಇರುತ್ತೆ. ಎಲ್ಲಿ ಭಾರ ಬೀಳುತ್ತೋ ಅಲ್ಲಿ ಜಾಸ್ತಿ ಕಟ್ಟುತ್ತೆ. ನೀವು ಮದುವೆಯಾಗಿ ಬಂದಾಗ ಇದ್ದ ಮೂಳೆ ಈಗಿಲ್ಲ, ಅದರ ಜಾಗದಲ್ಲಿ ಎಷ್ಟೋ ಸಲ ಹೊಸದು ಕಟ್ಟಿ ಆಗಿದೆ. ಹೃದಯಕ್ಕೆ ಹಾಗೆ ಕಿತ್ತು ಕಟ್ಟೋಕೆ ಬರೋದಿಲ್ಲ. ಇರೋ ಎಳೆಗಳನ್ನೇ ದಪ್ಪ ಮಾಡ್ಕೊಳ್ಳುತ್ತೆ, ನಡುವೆ ನಾರು ತುಂಬ್ಕೊಳ್ಳುತ್ತೆ. ಆಮೇಲೆ ಬಿಗಿ ಹಿಡಿಯೋದು ಗೊತ್ತು, ಸಡಿಲ ಬಿಡೋದು ಗೊತ್ತಿಲ್ಲ. ಸಡಿಲ ಬಿಡದೆ ರಕ್ತ ಒಳಗೆ ತುಂಬೋದು ಹೇಗೆ? ಅದಕ್ಕೇ ಏದುಸಿರು, ಅದಕ್ಕೇ ಈ ಕಾಲೂತ."

"ಮತ್ತೆ ಸರಿ ಹೋಗಾಕಿಲ್ವಾ?"

"ಉಪ್ಪು ಕಡಿಮೆ ಮಾಡಿ. ಮಾತ್ರೆ ತಪ್ಪಿಸಬೇಡಿ. ನಿಧಾನವಾಗಿ ಸ್ವಲ್ಪ ತೆಳ್ಳಗಾಗುತ್ತೆ. ಭಾರ ಹೊರೋ ಹಾಗಿಲ್ಲ, ಒಂದು ಕೊಡವೂ." ಚೀಟಿ ಹಿಂದಿರುಗಿಸುತ್ತಾ ಕೇಳಿದರು: "ಎಡಗಾಲು ನೋಡಲಿಲ್ವಾ? ಕೊಡ ಯಾವ ಸೊಂಟಕ್ಕೆ?"

"ಎಡಕ್ಕೆ. ಈಗ್ಲೂ ನಲ್ಲಿ ನೀರು ಹೊರಾದು ಎಡಕ್ಕೇ."

"ಹಾಗಾದ್ರೆ ಎಡಗಾಲು ಇನ್ನೂ ಗಟ್ಟಿ ಇದ್ದರೂ ಇರಬಹುದು."

ಓಬಮ್ಮ ಚೀಟಿಯನ್ನು ಮಡಿಸಿ ರವಿಕೆಗೆ ಸೇರಿಸಿದಳು. ಎದ್ದವಳು ಮತ್ತೆ ಕೂತಳು. "ಡಾಕ್ಟ್ರಮ್ಮ, ಭಾರಾನೇ ಹೊರದೋರ ಮೂಳೆ ಏನಾಗುತ್ತೆ?"

"ಕಟ್ಟೋದು ನಿಧಾನ ಆಗುತ್ತೆ, ಕೀಳೋದು ನಿಲ್ಲೋದಿಲ್ಲ. ಮುಟ್ಟು ನಿಂತ ಮೇಲಂತೂ ಇನ್ನೂ ಬೇಗ. ಬೆನ್ನಿನ ಮೂಳೆ ಕುಸಿದು ಆಳು ಕುಳ್ಳಗಾಗ್ತಾರೆ. ಎಷ್ಟೋ ಜನಕ್ಕೆ ಮುರಿಯೋವರೆಗೂ ಗೊತ್ತಾಗೋದಿಲ್ಲ. ಯಾರ ವಿಷಯ ಕೇಳ್ತಿದೀರಾ?"

"ಯಾರ್ದೂ ಇಲ್ಲ" ಎಂದಳು ಓಬಮ್ಮ.

ಪುಟ್ಟಯ್ಯ ಮಿತಭಾಷಿ. ಓಬಮ್ಮ ಕಡೂರಿನಿಂದ ಮನೆಗೆ ಬಂದ ಸಂಜೆಯೇ ಹೇಳಿಬಿಟ್ಟ: "ಈ ಸಲ ಬಿಂದಿಗೆ ವಿಶಾಲಮ್ಮ ಹೊರ್ಲಿ."

"ಇನ್ನೇನು ಮತ್ತೆ?" ಎಂದು ತಿಮ್ಮರಾಯಪ್ಪ ಗೋಡೆಯ ಕಡೆ ಕೈ ತೋರಿಸಿದ. "ಚೀಟೀನೇ ಹೇಳ್ತೈತಲ್ಲ."

ವಿಶಾಲಾಕ್ಷಮ್ಮ ಬೇಡವೆನ್ನಬಹುದಿತ್ತು. ಓಬಮ್ಮ ಅದಕ್ಕಾಗಿ ಕಾದಳು. ವಿಶಾಲಾಕ್ಷಮ್ಮ ತಲೆ ತಗ್ಗಿಸಿ, "ನೀವು ಹೇಳ್ದಂಗೆ ಬಾವ" ಎಂದಳು. ಅವಳ ಮುಖ ಕೆಂಪೇರಿತ್ತು. ಮರುದಿನದಿಂದಲೇ ಆ ಹಳೇ ತಾಮ್ರವನ್ನು ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದಳು, ದೀಪಾವಳಿಗೆ ಇನ್ನೂ ತಿಂಗಳಿರುವಾಗ. ಆ ತಿಕ್ಕುವ ಸದ್ದು ಓಬಮ್ಮನ ಎದೆಯ ದಪ್ಪ ಗೋಡೆಯ ಮೇಲೇ ಆಗುತ್ತಿತ್ತು.

ಆ ತಿಂಗಳು ಓಬಮ್ಮ ಓರಗಿತ್ತಿಯನ್ನು ಹಿಂದೆಂದೂ ನೋಡದಷ್ಟು ನೋಡಿದಳು. ಹಾಗೆ ನೋಡುತ್ತಿದ್ದಾಗಲೇ ಕಂಡದ್ದು, ವಿಶಾಲಾಕ್ಷಮ್ಮನ ಸೀರೆಯ ಅಂಚು ಈಗ ನೆಲ ಗುಡಿಸುತ್ತಿತ್ತು. ಹಿತ್ತಲಿನಲ್ಲಿ ಬಟ್ಟೆ ಹಾಕುವ ತಂತಿ ಅವಳೇ ತನ್ನ ಎತ್ತರಕ್ಕೆ ಕಟ್ಟಿಸಿದ್ದು, ಓಬಮ್ಮನಿಗೆ ಎಟುಕುತ್ತಿರಲಿಲ್ಲ, ಅದೂ ಒಂದು ಒಂಥರಾ. ಈಗ ಅವಳೂ ತುದಿಗಾಲಲ್ಲಿ ನಿಲ್ಲುತ್ತಿದ್ದಳು. ಕತ್ತಿನ ಹಿಂದೆ, ರವಿಕೆಯ ಮೇಲೆ, ಗೂನಿನಂತೆ ಒಂದು ಸಣ್ಣ ಗುಬ್ಬು ಎದ್ದಿತ್ತು. ಗಂಡನಿಗೂ ಕಾಣದ್ದು ಓಬಮ್ಮನಿಗೆ ಕಂಡಿತು. ಮೂವತ್ತೊಂದು ವರ್ಷದ ಅಳತೆ ಅವಳ ಕಣ್ಣಲ್ಲೇ ಇತ್ತು.

ಹೇಳಬೇಕು ಎಂದುಕೊಂಡಳು. ಹೇಳಿದರೆ ಬಿಂದಿಗೆ ಅವಳ ತಲೆಯಿಂದ ಇಳಿಯುತ್ತದೆ ಎಂಬ ಸಂತೋಷ ಆ ಯೋಚನೆಯ ಹಿಂದೆಯೇ ಬಂತು. ಅದನ್ನು ಕಂಡು ಬಾಯಿ ಮುಚ್ಚಿಕೊಂಡಳು. ಹೇಳುವುದು ಅವಳ ಬೆನ್ನು ಉಳಿಸಲಿಕ್ಕೋ, ತನ್ನ ಉರಿ ಆರಿಸಿಕೊಳ್ಳಲಿಕ್ಕೋ? ಎರಡನ್ನೂ ಬಿಡಿಸಲು ಆಗಲಿಲ್ಲ. ಒಂದು ಶುಕ್ರವಾರ ದೀಪ ಹಚ್ಚಿ ದೇವರ ಗೂಡಿನ ಮುಂದೆ ಕಣ್ಣು ಮುಚ್ಚಿದವಳಿಗೆ, ಮೆಟ್ಟಿಲ ಮೇಲೆ ಬಿಂದಿಗೆ ಉರುಳುವ ಸದ್ದು ಕೇಳಿದಂತಾಯಿತು. ಅದು ಹೆದರಿಕೆಯೋ ಬೇಡಿಕೆಯೋ ತಿಳಿಯದೆ, ಮಂಗಳಾರತಿ ಮುಗಿಸದೆಯೇ ಎದ್ದುಬಂದಳು. ಅದಾದ ಮೇಲೆ ಹಬ್ಬದವರೆಗೂ ಗೂಡಿನ ಎದುರು ಸರಿಯಾಗಿ ನಿಲ್ಲಲಿಲ್ಲ.

ನೀರು ತುಂಬುವ ಹಬ್ಬದ ಇಳಿಹೊತ್ತಿಗೆ ಎಲ್ಲರೂ ಬಾವಿಗೆ ಹೊರಟರು. ಕಡೂರಿನಿಂದ ಬಂದಿದ್ದ ಅನುಷಾ ಪೂಜೆಯ ತಂಬಿಗೆ ಹಿಡಿದಿದ್ದಳು. ವಿಶಾಲಾಕ್ಷಮ್ಮ ತಲೆಗೆ ಒಂದು ಟವೆಲ್ಲನ್ನು ಸುತ್ತಿಕೊಂಡಿದ್ದಳು. ಓಬಮ್ಮನ ಸಿಂಬೆ, ಮದುವೆಯ ಸೀರೆ ಹರಿದು ಹೆಣೆದ ಆ ಬಟ್ಟೆಯ ಬಳೆ, ಓಬಮ್ಮನ ಸೆರಗಿನೊಳಗಿತ್ತು. ಕೊಡಲು ಮನಸ್ಸು ಬಂದಿರಲಿಲ್ಲ. ಮನೆಯಲ್ಲೇ ಬಿಟ್ಟುಬರಲೂ ಮನಸ್ಸಾಗಿರಲಿಲ್ಲ.

ವಿಶಾಲಾಕ್ಷಮ್ಮ ಹದಿನೇಳು ಮೆಟ್ಟಿಲನ್ನೂ ಇಳಿದಳು. ಬಿಂದಿಗೆಯನ್ನು ಮುಳುಗಿಸಿ ತುಂಬಿದಳು. ಎತ್ತಲು ಬಗ್ಗಿದಾಗ ಅವಳ ಬೆನ್ನಿನ ಆ ಗುಬ್ಬು ರವಿಕೆಯನ್ನು ದೂಡಿ ಎದ್ದುನಿಂತಿತು.

"ಬಿಡೇ ಅದನ್ನ!"

ಬಾವಿಯ ಗೋಡೆಗಳು ಆ ಕೂಗನ್ನು ಹಿಂದಿರುಗಿಸಿದವು. ವಿಶಾಲಾಕ್ಷಮ್ಮ ಬಿಂದಿಗೆಯನ್ನು ಮೊಣಕಾಲಿಗೆ ಆನಿಸಿಕೊಂಡು ಮೇಲೆ ನೋಡಿದಳು.

"ಆ ಚೀಟೀಲಿರೋ ಕಾಲು ನಂದು" ಎಂದಳು ಓಬಮ್ಮ. "ಇವ್ಳು ಕಾಲೇ ಇಟ್ಟಿಲ್ಲ. ಇವ್ಳ ಮೂಳೆ ಗಟ್ಟಿ ಇಲ್ಲ. ಹೊತ್ರೆ ಮುರೀತಾಳೆ."

ತಿಮ್ಮರಾಯಪ್ಪನ ಮುಖ ಗಡುಸಾಯಿತು. "ಅತ್ತಿಗೆ, ಹಬ್ಬದ ದಿನ. ಹೊಟ್ಟೆಕಿಚ್ಚಿಗೂ ಒಂದು ಹೊತ್ತುಗೊತ್ತು ಬ್ಯಾಡ್ವಾ?"

ಆ ಮಾತು ಕೊನೆಗೂ ಬಾಯಿಗೆ ಬಂದಿತ್ತು, ಬೇರೆಯವರ ಬಾಯಿಗೆ. ಓಬಮ್ಮನಿಗೆ ವಿಚಿತ್ರವಾಗಿ ಉಸಿರು ಸಲೀಸಾಯಿತು.

"ಹೌದು ಕಣಪ್ಪ, ಹೊಟ್ಟೆಕಿಚ್ಚೇ. ಮೂವತ್ತೊಂದು ವರ್ಷದ್ದು. ಆದ್ರೂ ಕಾಲು ನಂದೇ! ಅಂತರಘಟ್ಟಮ್ಮನಾಣೆಗೂ ನಂದೇ. ಚೀಟಿ ಮೂಲೇಲಿ ಯಾವ ಕಾಲು ಅಂತ ಬರ್ದೈತೆ, ನೀನೇ ತೂಗಾಕಿದೀಯಲ್ಲ, ಹೇಳು."

"ಎಡಗಾಲು" ಎಂದಳು ಅನುಷಾ ಮೆಲ್ಲಗೆ. ಕಡೂರಿನಲ್ಲಿ ಅವ್ವನ ಪಕ್ಕ ಕೂತು ಕೇಳಿದ್ದೆಲ್ಲ ಅವಳಿಗೆ ಈಗ ಅರ್ಥವಾಗುತ್ತಿತ್ತು. "ಅವ್ವ ಕೊಡ ಹೊತ್ತಿದ್ದು ಎಡಕ್ಕೆ. ಚಿಕ್ಕವ್ವ ಯಾವ ಕೊಡ ಹೊತ್ತೌಳೆ ಚಿಕ್ಕಪ್ಪ?"

ಪುಟ್ಟಯ್ಯ ಎರಡು ಮೆಟ್ಟಿಲು ಇಳಿದ. "ವಿಶಾಲಮ್ಮ, ನೀನೇ ಹೇಳವ್ವ."

"ಅಕ್ಕಂದೇ" ಎಂದಳು ವಿಶಾಲಾಕ್ಷಮ್ಮ. "ಹೇಳಿದ್ರೆ ಬಿಂದಿಗೆ ಕೊಡ್ತಿರ್ಲಿಲ್ವಲ್ಲ. ಊರೋರೆಲ್ಲ ಏನಂತಾರೆ? ಓಬಮ್ಮ ನೀರು ಹೊತ್ತು ಕಟ್ಟಿದ ಮನೆ ಅಂತಾರೆ. ಅತ್ತೆ ಸಾಯೋವಾಗ್ಲೂ ಅದನ್ನೇ ಅಂದ್ಲು, ನಿನ್ ಎದುರಿಗೆ ಅನ್ನಲಿಲ್ಲ ಅಷ್ಟೆ. ನಾನೇನು ಮಾಡ್ದೆ ಈ ಮನೇಗೆ? ನಲ್ಲಿ ತಿರುಗಿಸ್ದೆ. ಪ್ರತಿ ವರ್ಷ ಬಾಗಿಲಲ್ಲಿ ನಿಂತು ನಿನ್ ತಲೆ ನೋಡ್ತಿದ್ದೆ ಕಣಕ್ಕ. ಒಂದೇ ಒಂದು ಸಲ..."

ಓಬಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಇಷ್ಟು ವರ್ಷ ಅವಳ ಕಣ್ಣು ಒಂದೇ ದಿಕ್ಕಿಗೆ ನೋಡಿತ್ತು. ಅತ್ತಲಿಂದಲೂ ಒಂದು ಜೊತೆ ಕಣ್ಣು ತನ್ನನ್ನು ಅಷ್ಟೇ ಉರಿಯಿಂದ ಅಳೆಯುತ್ತಿರಬಹುದು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಹೇಳಬೇಕೆಂದರೆ, ಅವಳಿಗೆ ಒಳಗೊಳಗೇ ಸ್ವಲ್ಪ ಹಿತವೂ ಆಯಿತು.

"ಈಗ ನೀರು ಯಾರು ತರಾದು?" ಎಂದ ತಿಮ್ಮರಾಯಪ್ಪ, ಯಾರ ಮುಖವನ್ನೂ ನೋಡದೆ.

ಓಬಮ್ಮ ಮಗಳ ಕೈಯಿಂದ ಪೂಜೆಯ ತಂಬಿಗೆ ಇಸಿದುಕೊಂಡು, ಒಂದೊಂದೇ ಮೆಟ್ಟಿಲಿಗೆ ನಿಂತು, ಉಸಿರು ತೆಗೆದುಕೊಂಡು, ಕೆಳಗೆ ಇಳಿದಳು. ತಂಬಿಗೆಯನ್ನು ಮುಂದೆ ಹಿಡಿದು, "ಬಗ್ಗಿಸೇ" ಎಂದಳು. ಬಿಂದಿಗೆಯಿಂದ ತಂಬಿಗೆ ತುಂಬಿತು, ಉಳಿದದ್ದು ಬಾವಿಗೆ ಹಿಂದಿರುಗಿತು. ಹಿಂಡಲೆ ಬಳ್ಳಿಯನ್ನು ಬಿಂದಿಗೆಯ ಕತ್ತಿನಿಂದ ಬಿಚ್ಚಿ ತಂಬಿಗೆಗೆ ಎರಡು ಸುತ್ತು ಸುತ್ತಿದಳು. ಆಮೇಲೆ ಸೆರಗಿನಿಂದ ಸಿಂಬೆಯನ್ನು ತೆಗೆದಳು. ಒಂದು ಗಳಿಗೆ ಕೈಯಲ್ಲೇ ಹಿಡಿದುಕೊಂಡಳು.

"ಟವೆಲ್ ಕಿತ್ತಾಕು. ಟವೆಲ್ ಮೇಲೆ ಗಂಗಮ್ಮ ಕೂತ್ಕಂತಾಳಾ? ಕತ್ತು ಹಂಗೆ ಬಿಗಿ ಹಿಡೀಬ್ಯಾಡ. ಕಣ್ಣು ಮುಂದಕ್ಕಿಡು, ಕಾಲು ನೋಡ್ಬ್ಯಾಡ."

ವಿಶಾಲಾಕ್ಷಮ್ಮ ತಂಬಿಗೆಯನ್ನು ಹೊತ್ತು ಮುಂದೆ, ಓಬಮ್ಮ ಬರಿಗೈಯಲ್ಲಿ ಹಿಂದೆ. ಖಾಲಿ ಬಿಂದಿಗೆ ತಿಮ್ಮರಾಯಪ್ಪನ ಹೆಗಲ ಮೇಲೆ. ಹಳಿ ದಾಟಿ ಊರು ಹೊಕ್ಕಾಗ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ಎದುರುಮನೆಯ ಕಮಲಾಕ್ಷಮ್ಮ ಕೂಗಿ ಹೇಳಿದಳು: "ಎಷ್ಟು ಚೆಂದ ಕೂತೈತೆ ನೋಡ್ರೇ, ಹುಟ್ಟಿದಾಗಿಂದ ಹೊತ್ತೋಳಂಗೆ!"

ಸಿಂಬೆ ಚೆನ್ನಾಗಿದ್ದರೆ ಯಾರ ತಲೆಯ ಮೇಲಾದರೂ ಕೂರುತ್ತದೆ ಎಂದು ಓಬಮ್ಮ ಮನಸ್ಸಿನಲ್ಲೇ ಅಂದುಕೊಂಡಳು. ಆ ಸಂಜೆ ಅವಳು ದೇವರ ಗೂಡಿನ ಮುಂದೆ ನಿಂತು ಮಂಗಳಾರತಿಯನ್ನು ಪೂರ್ತಿ ಮಾಡಿದಳು.

ಕಾರ್ತಿಕ ಮುಗಿಯುವ ಮೊದಲು ಅನುಷಾ ಚಿಕ್ಕವ್ವನನ್ನೂ ಕಡೂರಿಗೆ ಕರೆದೊಯ್ದಳು. ಕಾಲುಂಗುರ ಬಿಚ್ಚಲು ಅವಳು ಮತ್ತೆ ಹಟ ಹಿಡಿದಾಗ, ಓಬಮ್ಮ ಮನೆಯಿಂದ ತಂದಿದ್ದ ಅರಿಶಿನದ ದಾರವನ್ನು ಎರಡೂ ಕಾಲಿನ ಬೆರಳಿಗೆ ಕಟ್ಟಿ, ಬೆಳ್ಳಿಯನ್ನು ತನ್ನ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, "ನಿನ್ ಗಂಡ ನನ್ ಕೈಯಾಗವ್ನೆ, ಎಲ್ಗೂ ಹೋಗಾಕಿಲ್ಲ, ಇಡು ಕಾಲು" ಎಂದಳು. ಈ ಸಲ ಚೀಟಿಯಲ್ಲಿ ಹಸಿರು ಇರಲಿಲ್ಲ. ಡಾಕ್ಟ್ರಮ್ಮ ಮಾತ್ರೆ ಬರೆದರು. ದಿನಾ ಒಂದು ಮೈಲಿ ನಡೆಯಿರಿ, ಬಗ್ಗಿ ಏನೂ ಎತ್ತಬೇಡಿ, ಕೈಯಲ್ಲಿ ಹಗುರವಾದದ್ದು ಏನಾದರೂ ಹಿಡಿದು ನಡೆದರೆ ಒಳ್ಳೆಯದೇ ಎಂದರು. ಓಬಮ್ಮನಿಗೂ ನಡೆಯಲು ಹೇಳಿದರು, ಏನನ್ನೂ ಹಿಡಿಯದೆ.

ಈಗ ಬೆಳಗ್ಗೆ ಇಬ್ಬರೂ ಹಳಿಯವರೆಗೆ ನಡೆದು ಬರುತ್ತಾರೆ. ವಿಶಾಲಾಕ್ಷಮ್ಮನ ಕೈಯಲ್ಲಿ ನೀರು ತುಂಬಿದ ಒಂದು ತಂಬಿಗೆ. ಓಬಮ್ಮನ ಕೈ ಖಾಲಿ. ಮಾತ್ರೆಯಿಂದ ಕಾಲೂತ ಇಳಿದಿದೆ. ಅಕ್ಕಸಾಲಿ ಹೊಸ ಕಾಲುಂಗುರ ಮಾಡಿಕೊಟ್ಟಿದ್ದಾನೆ. ಚೀಟಿ ಇನ್ನೂ ಅದೇ ಮೊಳೆಯ ಮೇಲಿದೆ, ವಿಶಾಲಾಕ್ಷಮ್ಮನ ಹೆಸರನ್ನು ಹೊಡೆದು ಅನುಷಾ ಅವ್ವನ ಹೆಸರು ಬರೆದಿದ್ದಾಳೆ. ದಾರಿಯಲ್ಲಿ ಓಬಮ್ಮ ಎರಡೆರಡು ಹೆಜ್ಜೆಗೆ ಒಮ್ಮೆ ತಂಬಿಗೆಯ ಕಡೆ ನೋಡುತ್ತಾಳೆ.

"ಏನಕ್ಕ ನೋಡ್ತಿದೀಯಾ?"

"ಏನಿಲ್ಲ. ಚೆಲ್ತಿದೀಯಾ."

"ಎಲ್ ಚೆಲ್ತಿದೀನಿ? ಒಂದು ತೊಟ್ಟೂ ಚೆಲ್ಲಿಲ್ಲ."

"ಅದೇ ಕಣೇ," ಎನ್ನುತ್ತಾಳೆ ಓಬಮ್ಮ, "ಅದನ್ನೇ ನೋಡ್ತಿದೀನಿ."